ಸಣ್ಣಕ್ಷರ ಓದಿ ಹೇಳುವ ಇರುವೆ ಅಕ್ಕ

ಬೆಳಗಿನ ಐದೂ ಮುಕ್ಕಾಲು. ಲ್ಯಾಬಿನ ಶಟರ್ ಇನ್ನೂ ಅರ್ಧ ಮಾತ್ರ ಮೇಲೆದ್ದಿದೆ. ಉಳಿದರ್ಧ ಏಳುವವರೆಗೆ ಕಾಯುವ ತಾಳ್ಮೆ ಇಲ್ಲದ ಏಳೆಂಟು ಮಂದಿ ಬಗ್ಗಿಕೊಂಡೇ ಒಳಗೆ ನುಗ್ಗಿ, ಗೋಡೆಗೆ ಒರಗಿಸಿದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಾಗಿದೆ. ಯಾರ ಹೊಟ್ಟೆಯಲ್ಲೂ ಏನೂ ಇಲ್ಲ, ಹಾಗಾಗಿ ಯಾರ ಮುಖದಲ್ಲೂ ನಗು ಇಲ್ಲ. ಒಬ್ಬರು ಆಕಳಿಸುತ್ತಾರೆ, ಅದನ್ನು ನೋಡಿ ಇನ್ನಿಬ್ಬರು ಆಕಳಿಸುತ್ತಾರೆ. ಎದುರಿನ ಗೋಡೆಯ ಗಡಿಯಾರ ಏಳು ನಿಮಿಷ ಮುಂದಿದೆ ಎಂಬುದು ಇಲ್ಲಿಗೆ ಬರುವ ಎಲ್ಲರಿಗೂ ಗೊತ್ತು, ಆದರೂ ಎಲ್ಲರೂ ಅದನ್ನೇ ನೋಡುತ್ತಾರೆ.

ಹಸಿರು ಪರದೆಯ ಆಚೆ, ತೋಳಿಡಲು ಹಲಗೆ ಇರುವ ಎತ್ತರದ ಕುರ್ಚಿಯ ಪಕ್ಕದಲ್ಲಿ, ಐವತ್ತೊಂದು ವರ್ಷದ ಹೆಂಗಸೊಬ್ಬರು ಬೆರಳುದ್ದದ ಟ್ಯೂಬುಗಳನ್ನು ಸಾಲಾಗಿ ಜೋಡಿಸುತ್ತಿದ್ದಾರೆ. ಬೂದು ಮುಚ್ಚಳದ್ದು ಬರಿಹೊಟ್ಟೆಯ ಸಕ್ಕರೆ ಅಳೆಯುವುದಕ್ಕೆ. ನೇರಳೆ ಮುಚ್ಚಳದ್ದು ಮೂರು ತಿಂಗಳ ಸರಾಸರಿಗೆ. ಕೈ ತೊಳೆದು, ಗ್ಲೌಸ್ ಎಳೆದುಕೊಂಡು, ಮೊದಲ ಟೋಕನ್ ಕೂಗುತ್ತಾರೆ. ನಿವೃತ್ತ ಮೇಷ್ಟ್ರೊಬ್ಬರು ಬಂದು ಕೂರುತ್ತಾರೆ.

"ಬೆಳಿಗ್ಗೆ ಏನಾದ್ರೂ ತಗೊಂಡ್ರಾ ಸಾರ್?"

"ಏನೂ ಇಲ್ಲಮ್ಮ. ನೀರು ಬಿಟ್ರೆ ಏನೂ ಇಲ್ಲ."

"ಟೀ?"

"ಟೀನಾ... ಟೀ ಏನು ತಿಂಡಿ ಅಲ್ವಲ್ಲ."

"ಸಕ್ಕರೆ ಹಾಕಿದ್ದಾ?"

"ಅರ್ಧ ಚಮಚ. ಅದೂ ನಾನು ಹಾಕಿದ್ದಲ್ಲ, ನಮ್ಮನೆಯವಳು."

"ಹಾಗಾದ್ರೆ ನಾಳೆ ಬನ್ನಿ. ಮನೆಯವರನ್ನೂ ಕರ್ಕೊಂಡು ಬನ್ನಿ, ಅವರ ಜೊತೆ ನಾನು ಮಾತಾಡ್ತೀನಿ."

ಮೇಷ್ಟ್ರು ಗೊಣಗುತ್ತಾ ಏಳುತ್ತಾರೆ. ಎರಡನೇ ಟೋಕನ್‌ನ ಹೆಂಗಸು ಇದನ್ನೆಲ್ಲ ಕೇಳಿಸಿಕೊಂಡು ಬಂದವರು, ಕೂರುವ ಮೊದಲೇ "ನಾನು ಉಗುಳು ಕೂಡ ನುಂಗಿಲ್ಲ ಅಕ್ಕ" ಎನ್ನುತ್ತಾರೆ. ತೋಳಿಗೆ ರಬ್ಬರ್ ಪಟ್ಟಿ ಬೀಳುತ್ತದೆ. ಎರಡು ಬೆರಳು ಚರ್ಮದ ಮೇಲೆ ಮೆಲ್ಲಗೆ ತಡಕಿ ರಕ್ತನಾಳವನ್ನು ಕಂಡುಹಿಡಿಯುತ್ತವೆ. "ಇರುವೆ ಕಚ್ಚಿದ ಹಾಗೆ, ಅಷ್ಟೇ" ಎನ್ನುವ ಮಾತು ಮುಗಿಯುವುದರೊಳಗೆ ಸೂಜಿ ಒಳಗೆ ಹೋಗಿ ಟ್ಯೂಬಿನಲ್ಲಿ ರಕ್ತ ಏರುತ್ತಿರುತ್ತದೆ.

ಇಪ್ಪತ್ತಮೂರು ವರ್ಷದಿಂದ ಇದೇ ಮಾತು. ಹಾಗಾಗಿಯೇ ಸುತ್ತಲಿನ ಬೀದಿಗಳಲ್ಲಿ ಇವರಿಗೆ ಇರುವೆ ಅಕ್ಕ ಎಂದೇ ಹೆಸರು. ಒಮ್ಮೆ ಲಾರಿ ಚಾಲಕನೊಬ್ಬ ಸೂಜಿ ನೋಡಿ ಬೆವರಿ, "ಇದು ಯಾವ ಜಾತಿ ಇರುವೆ ಅಕ್ಕಾ, ಕೊಂಬಿರೋದಾ?" ಎಂದು ಕೇಳಿದ್ದನಂತೆ. ಅದನ್ನು ಹೇಳುವಾಗ ಮಾತ್ರ ಇವರು ನಗುತ್ತಾರೆ. ಉಳಿದಂತೆ ಇವರ ಮುಖದಲ್ಲಿ ನಿದ್ದೆಗೆಟ್ಟ ಒಂದು ಶಾಂತಿ ಇದೆ. ಅದನ್ನು ಸಮಾಧಾನ ಎಂದು ತಪ್ಪು ತಿಳಿಯಬಾರದು, ಅದು ಸುಸ್ತು.

ಇವತ್ತು ಆ ಮುಖ ಪ್ರತಿ ಟೋಕನ್ನಿಗೂ ಒಮ್ಮೆ ಪರದೆಯ ಸಂದಿನಿಂದ ಬಾಗಿಲ ಕಡೆ ತಿರುಗುತ್ತದೆ. ಒಬ್ಬಳು ಬರಬೇಕಿದೆ. ಅವಳು ಇವರ ಅಣ್ಣನ ಮಗಳು, ಮೂವತ್ತಮೂರು ವರ್ಷ. ಮೂರು ತಿಂಗಳ ಹಿಂದೆ ಅವಳ ಸಕ್ಕರೆ ಬಾರ್ಡರ್‌ನಲ್ಲಿ ಸಿಕ್ಕಿಬಿದ್ದಿದೆ. ಮರುಪರೀಕ್ಷೆಗೆ ಇವತ್ತೇ ದಿನ. ತಾರೀಖು ನೆನಪಿಸಿ ಇವರು ಕಳಿಸಿದ ಮೆಸೇಜನ್ನು ಅವಳು ಓದಿದ್ದಾಳೆ, ಉತ್ತರ ಕೊಟ್ಟಿಲ್ಲ. ಉತ್ತರ ಬರುತ್ತದೆಂದು ಇವರೂ ಕಾದಿಲ್ಲ, ಏಕೆಂದರೆ ಅವಳು ಈ ಸೋದರತ್ತೆಯ ಜೊತೆ ಮಾತು ಬಿಟ್ಟು ಎರಡು ವರ್ಷವಾಗಿದೆ.

"ಬರಿಹೊಟ್ಟೆ ರಕ್ತ ಹತ್ತು ಗಂಟೆವರೆಗೆ ತಗೋತೀವಿ. ಹತ್ತರ ಮೇಲೆ ಬಂದ್ರೆ ಪ್ರಯೋಜನ ಇಲ್ಲ" ಎಂದು, ಪತ್ರಿಕೆಗೆ ಇವರ ಬಗ್ಗೆ ಬರೆಯಲು ಬಂದು ಪಕ್ಕದಲ್ಲಿ ನಿಂತಿರುವ ನನಗೆ ಹೇಳುತ್ತಾರೆ. ನಾನು ಕೇಳಿರಲಿಲ್ಲ.

ದಿನಕ್ಕೆ ಎಪ್ಪತ್ತು ತೋಳು. ಸೋಮವಾರ ತೊಂಬತ್ತು, ಏಕೆಂದರೆ ಭಾನುವಾರ ಸಂಜೆ ಎಲ್ಲರಿಗೂ ತಮ್ಮ ಆರೋಗ್ಯ ನೆನಪಾಗುತ್ತದೆ. ಎದ್ದು ನಿಂತೇ ಮಾಡುವ ಕೆಲಸ. ಒಂದು ಸ್ಟೂಲ್ ಇದೆ, ಅದರ ಮೇಲೆ ಹತ್ತಿ ಮತ್ತು ಸ್ಪಿರಿಟ್ಟಿನ ಬಾಟಲಿ ಕೂತಿವೆ. ಬಲಗೈ ಹೆಬ್ಬೆರಳಿನ ಬುಡ ಸದಾ ನೋಯುತ್ತದೆ. ಬೆಳಿಗ್ಗೆ ನಾಲ್ಕಕ್ಕೆ ಏಳುವುದು, ಐದೂ ಕಾಲಿಗೆ ಮನೆ ಬಿಡುವುದು. ಯಜಮಾನರದು ಮುದ್ರಣಾಲಯದಲ್ಲಿ ರಾತ್ರಿ ಪಾಳಿ. "ಅವರು ಬಂದು ಬೀಗ ತೆಗೆಯೋ ಹೊತ್ತಿಗೆ ನಾನು ಬೀಗ ಹಾಕ್ಕೊಂಡು ಬಂದಿರ್ತೀನಿ. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ನೆಟ್ಟಗೆ ಒಂದು ಜಗಳ ಆಡೋಕೂ ಟೈಮ್ ಸಿಕ್ಕಿಲ್ಲ" ಎನ್ನುತ್ತಾರೆ.

ಎಪ್ಪತ್ತು ಮಂದಿಯಲ್ಲಿ ಐವತ್ತು ಮಂದಿ ಬರುವುದು ಸಕ್ಕರೆ ನೋಡಿಸಲಿಕ್ಕೆ. ಅವರು ಮಾಡುವ ತಪ್ಪುಗಳೆಲ್ಲ ಇರುವೆ ಅಕ್ಕನಿಗೆ ಬಾಯಿಪಾಠ. ಊಟದ ನಂತರದ ಪರೀಕ್ಷೆಗೆ ಎರಡು ಗಂಟೆ ಬಿಟ್ಟು ಬನ್ನಿ ಎಂದರೆ, ಉಂಡು ಕೈ ತೊಳೆದು, ಸ್ವಲ್ಪ ಅಡ್ಡಾಗಿ, ಎದ್ದ ಮೇಲೆ ಎರಡು ಗಂಟೆ ಎಣಿಸುವವರಿದ್ದಾರೆ. ಲೆಕ್ಕ ಶುರುವಾಗುವುದು ಮೊದಲ ತುತ್ತಿನಿಂದ. ಬೆಳಿಗ್ಗೆ ಪರೀಕ್ಷೆಗೆ ಮುಂಚೆ ಬೆವರು ಸುರಿಯುವಂತೆ ಓಡಿ ಬರುವವರಿದ್ದಾರೆ. ಎಲ್ಲಕ್ಕಿಂತ ದೊಡ್ಡ ಗುಂಪು ಇನ್ನೊಂದು. ಇವರು ವರ್ಷವಿಡೀ ಬೇಕಾದ್ದು ತಿಂದು, ಲ್ಯಾಬಿಗೆ ಬರುವ ಮೂರು ದಿನ ಮೊದಲು ಸಿಹಿ ಬಿಟ್ಟು, ಅನ್ನ ಬಿಟ್ಟು, ಸೊಪ್ಪು ತಿಂದುಕೊಂಡು ಮುಖ ಬಾಡಿಸಿಕೊಂಡು ಬರುತ್ತಾರೆ. ಯುದ್ಧಕಾಲೇ ಶಸ್ತ್ರಾಭ್ಯಾಸ.

"ಬೂದು ಟ್ಯೂಬಿಗೆ ಮೋಸ ಮಾಡಬಹುದು. ಅದಕ್ಕೆ ಇವತ್ತಿನ ಬೆಳಿಗ್ಗೆ ಒಂದೇ ಗೊತ್ತು" ಎನ್ನುತ್ತಾ ಅವರು ನೇರಳೆ ಮುಚ್ಚಳದ ಟ್ಯೂಬನ್ನು ಅಂಗೈಯಲ್ಲಿ ಮೆಲ್ಲಗೆ ಮೇಲೆ ಕೆಳಗೆ ತಿರುಗಿಸುತ್ತಾರೆ. "ಇದಕ್ಕೆ ಆಗಲ್ಲ. ರಕ್ತದ ಕಣ ಇರುತ್ತಲ್ಲ, ಅದರ ಆಯಸ್ಸು ಮೂರು ನಾಲ್ಕು ತಿಂಗಳು. ಅಷ್ಟು ದಿನದ ಸಕ್ಕರೆ ಅದಕ್ಕೆ ಅಂಟಿಕೊಂಡು ಬಂದಿರುತ್ತೆ. ಒಲೆ ಹಿಂದಿನ ಗೋಡೆ ನೋಡಿದೀರಲ್ಲ, ಜಿಡ್ಡು ಹಿಡಿದಿರುತ್ತೆ. ನೆಂಟರು ಬರ್ತಾರೆ ಅಂತ ಇವತ್ತು ಅಡುಗೆ ಮಾಡದೆ ಇದ್ರೆ ಜಿಡ್ಡು ಹೋಗ್ತದಾ?"

ಇಷ್ಟು ಹೇಳಿದವರು ಇದ್ದಕ್ಕಿದ್ದಂತೆ ನನ್ನತ್ತ ತಿರುಗುತ್ತಾರೆ.

"ನಿಮ್ದು ಯಾವಾಗ ನೋಡಿಸಿದ್ದು?"

"ಹೋದ ವರ್ಷ. ನಾರ್ಮಲ್ಲು" ಎನ್ನುತ್ತೇನೆ.

"ಎಷ್ಟಿತ್ತು?"

"ಎಷ್ಟೋ ಇತ್ತು. ನಾರ್ಮಲ್ಲು."

"ನಾರ್ಮಲ್ಲು ಅನ್ನೋದು ಅಂಕಿ ಅಲ್ಲ ಸಾರ್."

ಫೋನಿನಲ್ಲಿ ಹುಡುಕಿ ತೆಗೆದೆ. ಬರಿಹೊಟ್ಟೆಯಲ್ಲಿ ನೂರಾ ನಾಲ್ಕು. ಆ ಅಂಕಿಯ ಪಕ್ಕದಲ್ಲಿ ನಕ್ಷತ್ರ ಇರಲಿಲ್ಲ, ಅಕ್ಷರ ದಪ್ಪಗಿರಲಿಲ್ಲ, ಬಣ್ಣ ಕೆಂಪಗಿರಲಿಲ್ಲ. ಆದ್ದರಿಂದ ನಾನೂ ಒಂದು ವರ್ಷ ನಿಶ್ಚಿಂತೆಯಾಗಿ ಇದ್ದೆ. ಅವರು ನನ್ನ ಫೋನನ್ನು ಸ್ವಲ್ಪ ದೂರ ಹಿಡಿದು, ಹಾಳೆಯ ಕೆಳತುದಿಗೆ ಹೋಗಿ, ಇರುವೆ ಸಾಲಿನಷ್ಟು ಸಣ್ಣಗಿದ್ದ ಮೂರು ಸಾಲನ್ನು ಗಟ್ಟಿಯಾಗಿ ಓದಿದರು. ನೂರಕ್ಕಿಂತ ಕಡಿಮೆ ಇದ್ದರೆ ಸಹಜ. ನೂರರಿಂದ ನೂರಾ ಇಪ್ಪತ್ತೈದು ಮಧುಮೇಹಕ್ಕೆ ಮುಂಚಿನ ಸ್ಥಿತಿ. ನೂರಾ ಇಪ್ಪತ್ತಾರು ಮತ್ತು ಮೇಲೆ ಮಧುಮೇಹ, ಇನ್ನೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳತಕ್ಕದ್ದು. ಓದಿ ಫೋನು ವಾಪಸು ಕೊಟ್ಟರು. ವರದಿ ಬರೆಯಲು ಬಂದವನೇ ಸಿಕ್ಕಿಬಿದ್ದದ್ದಕ್ಕೆ ಅವರಿಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ.

ಈ ಓದಿ ಹೇಳುವುದೇ ಇರುವೆ ಅಕ್ಕನ ಎರಡನೇ ಕೆಲಸ. ಸಂಬಳದ ಕೆಲಸ ರಕ್ತ ತೆಗೆಯುವುದು ಮತ್ತು ಮಧ್ಯಾಹ್ನ ಕಿಟಕಿಯಲ್ಲಿ ರಿಪೋರ್ಟು ಕೊಡುವುದು. ರಿಪೋರ್ಟಿನ ಅರ್ಥ ಹೇಳುವ ಅಧಿಕಾರ ಇವರಿಗಿಲ್ಲ. "ವರದಿಯ ಬಗ್ಗೆ ವೈದ್ಯರನ್ನೇ ಕೇಳಿ" ಎಂಬ ಫಲಕ ಕಿಟಕಿಯ ಮೇಲೆ ನೇತಾಡುತ್ತಿದೆ. ನಿಯಮ ಸರಿಯಾದದ್ದೇ, ಇವರೂ ಒಪ್ಪುತ್ತಾರೆ. ಆದರೆ ಜನ ಅರ್ಥ ಕೇಳುವುದು ವೈದ್ಯರನ್ನಲ್ಲ, ದಪ್ಪ ಅಕ್ಷರವನ್ನು. ಕಿಟಕಿಯಿಂದ ಕಾಗದ ತಗೊಂಡು, ಮೇಲಿಂದ ಕೆಳಕ್ಕೆ ಒಮ್ಮೆ ಕಣ್ಣು ಹಾಯಿಸಿ, ಎಲ್ಲೂ ದಪ್ಪ ಅಕ್ಷರ ಕಾಣದಿದ್ದರೆ ಮಡಚಿ ಜೇಬಿಗೆ ಹಾಕುತ್ತಾರೆ. ಇಲ್ಲಿನ ಯಂತ್ರ ದಪ್ಪ ಅಕ್ಷರ ಹೊಡೆಯುವುದು ಮಧುಮೇಹದ ಗೆರೆ ದಾಟಿದವರಿಗೆ ಮಾತ್ರ. ಗೆರೆಯ ಈಚೆ ನಿಂತವರ ಅಂಕಿ ಬಡಪಾಯಿಯಂತೆ ತೆಳ್ಳಗೆ ಕೂತಿರುತ್ತದೆ.

"ಬಾರ್ಡರ್ ಅಂದ್ರೆ ಜಸ್ಟ್ ಪಾಸ್ ಅಂದ್ಕೋತಾರೆ. ಪಾಸ್ ಆದವನು ಮತ್ತೆ ಪರೀಕ್ಷೆಗೆ ಯಾಕೆ ಕೂರ್ತಾನೆ ಹೇಳಿ? ಅದು ಪಾಸಲ್ಲ. ದಾರಿ ಕವಲೊಡೆಯೋ ಜಾಗ. ಅಲ್ಲಿಂದ ವಾಪಸ್ ಬಂದವರನ್ನೂ ನೋಡಿದೀನಿ. ದಿನಾ ಅರ್ಧ ಗಂಟೆ ನಡೆದು, ನಾಲ್ಕೈದು ಕೇಜಿ ಇಳಿಸಿ, ಬಂದಿದಾರೆ. ಎಲ್ಲರೂ ಬರಲ್ಲ, ಆದ್ರೆ ಬರೋಕೆ ಆಗುತ್ತೆ. ಆ ಕಡೆ ದಾಟಿಬಿಟ್ರೆ ಆಮೇಲೆ ಜೀವನಪೂರ್ತಿ ಕಾಯೋ ಕೆಲಸ."

ಹಾಗಾಗಿ ಇವರು ಅರ್ಥ ಹೇಳುವುದಿಲ್ಲ, ಕಾಗದದ ಕೆಳಗಿರುವುದನ್ನು ಬೆರಳಿಟ್ಟು ಓದುತ್ತಾರೆ. "ಅಚ್ಚಾಗಿರೋದನ್ನ ಓದೋಕೆ ಯಾರಪ್ಪಣೆ ಬೇಕು?" ಎಂಬುದು ಇವರ ವಾದ. ಸಾಲು ಉದ್ದವಾಗುತ್ತದೆ ಎಂದು ಲ್ಯಾಬಿನ ಡಾಕ್ಟರು ಮೊದಮೊದಲು ರೇಗಿದ್ದರು. ಒಂದು ಮಧ್ಯಾಹ್ನ ಕಿಟಕಿಯ ಪಕ್ಕ ಅರ್ಧ ಗಂಟೆ ನಿಂತು ನೋಡಿದರು, ಒಳಗೆ ಹೋದರು, ಮತ್ತೆ ಆ ಮಾತೆತ್ತಲಿಲ್ಲ. ಬಾರ್ಡರ್‌ನ ಅಂಕಿಗೂ ದಪ್ಪ ಅಕ್ಷರ ಬರುವಂತೆ ಮಾಡಿಸಿ ಎಂದು ಇರುವೆ ಅಕ್ಕ ಎರಡು ಸಲ ಕೇಳಿದ್ದಾರೆ. ಕಂಪ್ಯೂಟರಿನವನಿಗೆ ಹೇಳಿದ್ದೇನೆ ಎಂದು ಡಾಕ್ಟರು ಎರಡು ಸಲವೂ ಹೇಳಿದ್ದಾರೆ. ಕಂಪ್ಯೂಟರಿನವನು ಯಾರೆಂದು ಇವರು ಇನ್ನೂ ನೋಡಿಲ್ಲ.

ಎಂಟೂವರೆ. ಕುರ್ಚಿಗಳು ತುಂಬಿ, ನಿಂತವರೂ ಇದ್ದಾರೆ. ಅಣ್ಣನ ಮಗಳ ಸುಳಿವಿಲ್ಲ.

ಓದುವ ಅಭ್ಯಾಸ ಹೇಗೆ ಶುರುವಾಯಿತೆಂದು ಕೇಳುತ್ತೇನೆ. ಅವರು ಎರಡು ತೋಳು ಮುಗಿಸುತ್ತಾರೆ. ಗ್ಲೌಸ್ ಬದಲಾಯಿಸುತ್ತಾರೆ. ಮೂರನೆಯವರು ಬರುವ ಮೊದಲು, ಗೋಡೆಯ ಕಡೆ ನೋಡುತ್ತಾ ಹೇಳುತ್ತಾರೆ.

ಅಣ್ಣ ದರ್ಜಿ. ಇವರಿಗಿಂತ ಒಂಬತ್ತು ವರ್ಷ ದೊಡ್ಡವರು. ತಂದೆ ಬೇಗ ತೀರಿಹೋದ ಮನೆಯಲ್ಲಿ ತಂಗಿಯನ್ನು ಓದಿಸಿ, ಈ ಕೆಲಸದ ತರಬೇತಿಗೆ ಸೇರಿಸಿದ್ದೂ ಅವರೇ. ಏಳು ವರ್ಷದ ಹಿಂದೆ ಯಾರದೋ ಒತ್ತಾಯಕ್ಕೆ ರಕ್ತ ಪರೀಕ್ಷೆ ಮಾಡಿಸಿದರು. ತಂಗಿಯೇ ಸೂಜಿ ಹಾಕಿದ್ದು, ತಂಗಿಯೇ ಕಿಟಕಿಯಲ್ಲಿ ಕಾಗದ ಕೊಟ್ಟದ್ದು. ಬರಿಹೊಟ್ಟೆಯಲ್ಲಿ ನೂರಾ ಹದಿನೇಳು. ಮೂರು ತಿಂಗಳ ಸರಾಸರಿ ಶೇಕಡಾ ಆರು ಪಾಯಿಂಟ್ ಎರಡು, ಆರೂವರೆ ಆದರೆ ಮಧುಮೇಹ. ದಪ್ಪ ಅಕ್ಷರ ಇರಲಿಲ್ಲ.

"ಅವತ್ತು ಸೋಮವಾರ. ಎಂಬತ್ತಾರು ಜನ ಆಗಿದ್ರು. ನನ್ನ ಕಾಲು ನನ್ನವಲ್ಲ ಅನ್ನೋ ಹಾಗಿತ್ತು. ಬಸ್ಸಿಗೆ ಹತ್ತು ನಿಮಿಷ ಇತ್ತು. ಅಣ್ಣ ಕಿಟಕೀಲಿ ನಿಂತು, ಏನಮ್ಮಾ ಇದರಲ್ಲಿ ಅಂದ. ನಾನು ನೋಡಿದೆ. ಅಂಕಿ ನೋಡಿದೆ, ಗೊತ್ತೂ ಆಯ್ತು. ಹೇಳೋಕೆ ಶುರು ಮಾಡಿದ್ರೆ ಅವನು ಹತ್ತು ಪ್ರಶ್ನೆ ಕೇಳ್ತಾನೆ, ಬಸ್ ಹೋಗುತ್ತೆ ಅಂತ... ಏನೂ ಇಲ್ಲಣ್ಣ, ಹೋಗು ಅಂದೆ. ಆಮೇಲೆ ಮನೆಗೆ ಹೋದಾಗ ನಿಧಾನವಾಗಿ ಹೇಳಿದ್ರಾಯ್ತು ಅಂದ್ಕೊಂಡೆ. ಮರೆತೆ. ಅಷ್ಟೇ. ಮರೆತುಬಿಟ್ಟೆ."

ಅಣ್ಣ ಮರೆಯಲಿಲ್ಲ. ಮುಂದಿನ ಐದು ವರ್ಷ, ನಿಮಗೆ ಬಾಯಾರಿಕೆ ಹೆಚ್ಚಾಗಿದೆ ಎಂದು ಹೆಂಡತಿ ಹೇಳಿದಾಗ, ಸೊರಗಿದ್ದೀಯ ಎಂದು ಗಿರಾಕಿಗಳು ಹೇಳಿದಾಗ, ಅವರದ್ದು ಒಂದೇ ಉತ್ತರ: ನನ್ನ ತಂಗಿ ಲ್ಯಾಬಿನಲ್ಲೇ ಇದ್ದಾಳೆ, ಏನೂ ಇಲ್ಲ ಅಂದಿದ್ದಾಳೆ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ ಇರಬೇಕು. ಒಂದು ದಿನ ಸೂಜಿಗೆ ದಾರ ಪೋಣಿಸುವಾಗ ಬಲಗಣ್ಣಿನ ಮುಂದೆ ಕಪ್ಪು ಪರದೆ ಬಿತ್ತು. ಆಸ್ಪತ್ರೆಗೆ ಹೋದಾಗ ಸರಾಸರಿ ಹನ್ನೊಂದು ದಾಟಿತ್ತು. ಕಣ್ಣಿನ ಹಿಂಪದರದಲ್ಲಿ ರಕ್ತ ಸೋರಿತ್ತು. ಬಲಗಣ್ಣು ಹೋಯಿತು, ಎಡಗಣ್ಣು ಮಂಜು. ಈಗ ಅವರು ಬಟ್ಟೆಯ ಬಣ್ಣ ಕೇಳಿ ತಿಳಿದುಕೊಳ್ಳುತ್ತಾರೆ.

ಅವತ್ತೇ ಹೇಳಿದ್ದರೆ ಕಣ್ಣು ಉಳಿಯುತ್ತಿತ್ತೇ ಎಂದು ಯಾರೂ ಆಣೆ ಮಾಡಿ ಹೇಳಲಾರರು. ಕಣ್ಣಿನ ಡಾಕ್ಟರೂ ಹೇಳಲಿಲ್ಲ. ಅಣ್ಣ ಇವತ್ತಿಗೂ ತಂಗಿಗೆ ಒಂದು ಬಿರುಸು ಮಾತು ಆಡಿಲ್ಲ. "ನೀನು ಹೇಳಿದ್ರೂ ನಾನು ಕೇಳ್ತಿದ್ನಾ ಬಿಡು" ಎನ್ನುತ್ತಾರಂತೆ. ಆ ಮಾತು ಬೈಗುಳಕ್ಕಿಂತ ಹೆಚ್ಚು ಸುಡುತ್ತದೆ ಎಂದು ಇರುವೆ ಅಕ್ಕ ಹೇಳುತ್ತಾರೆ. ಕ್ಷಮಿಸದೆ ಇದ್ದದ್ದು ಅಣ್ಣನ ಮಗಳು. ಆಸ್ಪತ್ರೆಯ ವರಾಂಡದಲ್ಲಿ, ನಾಲ್ಕು ಜನರ ಎದುರು, ಹಳೆಯ ರಿಪೋರ್ಟನ್ನು ಅತ್ತೆಯ ಮುಂದೆ ಹಿಡಿದು, "ಇದನ್ನ ಓದೋಕೆ ಬರ್ತಿರಲಿಲ್ವಾ ನಿಮಗೆ?" ಎಂದು ಕೇಳಿದಳು. ಅಲ್ಲಿಗೆ ಮಾತು ಮುಗಿಯಿತು. ಅಪ್ಪನ ಹೊಲಿಗೆ ಮಷಿನ್ನಿನ ಮುಂದೆ ಈಗ ಅವಳು ಕೂರುತ್ತಾಳೆ.

"ಅವಳು ಕೇಳಿದ್ದು ಸರಿಯಾಗೇ ಇತ್ತು. ಮಾರನೇ ದಿನದಿಂದ ಕಿಟಕೀಲಿ ಓದೋಕೆ ಶುರು ಮಾಡ್ದೆ."

ಮೂರು ತಿಂಗಳ ಹಿಂದೆ ತಾಯಿಯ ಬಲವಂತಕ್ಕೆ ಅವಳೂ ಪರೀಕ್ಷೆ ಮಾಡಿಸಿಕೊಂಡಳು. ಬಸುರಿಯಾಗಿದ್ದಾಗ ಅವಳಿಗೆ ಸಕ್ಕರೆ ಏರಿ, ಹೆರಿಗೆಯ ನಂತರ ಇಳಿದಿತ್ತು. ಅಂಥವರು ಆಗಾಗ ನೋಡಿಸಿಕೊಳ್ಳುತ್ತಿರಬೇಕು. ಅವಳು ನೋಡಿಸಿಕೊಂಡಿರಲಿಲ್ಲ. ಅಂದು ಅವಳ ರಿಪೋರ್ಟಿನಲ್ಲಿ ಬಂದ ಸರಾಸರಿ ಆರು ಪಾಯಿಂಟ್ ಎರಡು. ಅಪ್ಪನಿಗೆ ಬಂದದ್ದೂ ಅಷ್ಟೇ. ಕಾಗದ ಕೈಗೆ ಕೊಟ್ಟು ಇರುವೆ ಅಕ್ಕ ಕೆಳಗಿನ ಸಾಲು ಓದಲು ಬಾಯಿ ತೆರೆದರು. ಅವಳು "ನನಗೆ ಓದೋಕೆ ಬರುತ್ತೆ" ಎಂದು ಕಸಿದುಕೊಂಡು ಹೋದಳು.

"ಆ ಅಂಕಿ ನನ್ನ ಬೆನ್ನು ಬಿಡ್ತಿಲ್ಲ ಸಾರ್. ಅವಳು ಬೈಲಿ, ಮಾತು ಬಿಡಲಿ, ಏನಾದ್ರೂ ಮಾಡಲಿ. ಈ ಕುರ್ಚಿ ಮೇಲೆ ಬಂದು ಕೂತ್ರೆ ಸಾಕು."

ಒಂಬತ್ತೂವರೆಗೆ ಜನ ಕರಗುತ್ತಾರೆ. ಸಣ್ಣ ಮಗುವೊಂದು ಅತ್ತು, ಅದರ ಅಪ್ಪ ಅದಕ್ಕಿಂತ ಹೆಚ್ಚು ಹೆದರಿ ಕಣ್ಣು ಮುಚ್ಚಿಕೊಂಡು, ಇಬ್ಬರನ್ನೂ ಸಮಾಧಾನ ಮಾಡಿ ಕಳಿಸಿದ್ದಾಯಿತು. ಇರುವೆ ಅಕ್ಕ ಬಳಸಿದ ಸೂಜಿಗಳ ಡಬ್ಬಿಗೆ ಮುಚ್ಚಳ ಹಾಕುತ್ತಾರೆ, ಮತ್ತೆ ತೆಗೆಯುತ್ತಾರೆ. ಇವರ ಹೊಟ್ಟೆಗೂ ಇನ್ನೂ ಏನೂ ಬಿದ್ದಿಲ್ಲ. ತಿಂಡಿಯ ಡಬ್ಬಿ ಫ್ರಿಜ್ಜಿನ ಮೇಲಿದೆ. ತಿನ್ನಿ ಎಂದರೆ, "ಹತ್ತಾಗಲಿ" ಎನ್ನುತ್ತಾರೆ.

ಹತ್ತಕ್ಕೆ ಎಂಟು ನಿಮಿಷ ಇದ್ದಾಗ ಅವಳು ಬರುತ್ತಾಳೆ. ತೆಳ್ಳಗಿನ ಹೆಣ್ಣು, ಕುಪ್ಪಸಕ್ಕೆ ಚುಚ್ಚಿದ ಎರಡು ಗುಂಡುಪಿನ್ನು, ಕತ್ತಿನಲ್ಲಿ ಅಳತೆಯ ಪಟ್ಟಿ ಹಾಗೇ ಇದೆ. ಅಂಗಡಿ ತೆರೆದು, ಮನಸ್ಸು ತಡೆಯದೆ ಎದ್ದು ಬಂದಿರಬೇಕು. ನನ್ನನ್ನೂ ನೋಡುವುದಿಲ್ಲ, ಅತ್ತೆಯನ್ನೂ ನೋಡುವುದಿಲ್ಲ. ಕುರ್ಚಿಯಲ್ಲಿ ಕೂತು ತೋಳು ಚಾಚಿ ಮುಖವನ್ನು ಕ್ಯಾಲೆಂಡರಿನ ಕಡೆ ತಿರುಗಿಸುತ್ತಾಳೆ.

"ಬೆಳಿಗ್ಗೆ ಏನಾದ್ರೂ ತಗೊಂಡಿದೀಯಾ?"

ಅವಳು ತಲೆ ಅಲ್ಲಾಡಿಸುತ್ತಾಳೆ, ಇಲ್ಲ.

ರಬ್ಬರ್ ಪಟ್ಟಿ, ಎರಡು ಬೆರಳು, ಹತ್ತಿ. ಇರುವೆ ಅಕ್ಕ ತಮ್ಮ ಹಳೆಯ ಮಾತನ್ನು ಇವತ್ತು ಮೊದಲ ಬಾರಿಗೆ ಹೇಳುವುದಿಲ್ಲ, ಹೇಳಲು ಧೈರ್ಯ ಬರಲಿಲ್ಲ ಎಂದು ಆಮೇಲೆ ನನಗೆ ಹೇಳಿದರು. ಬೂದು ಟ್ಯೂಬು ತುಂಬುತ್ತದೆ, ನೇರಳೆ ಟ್ಯೂಬು ತುಂಬುತ್ತದೆ. "ಎರಡು ನಿಮಿಷ ಒತ್ತಿ ಹಿಡ್ಕೊ" ಎನ್ನುತ್ತಾರೆ. ಅವಳು ಹಿಡಿದುಕೊಳ್ಳುತ್ತಾಳೆ. ರಿಪೋರ್ಟು ಒಂದೂವರೆಗೆ ಎಂದರೆ ಅದಕ್ಕೂ ತಲೆಯಾಡಿಸುತ್ತಾಳೆ. ಅವಳು ಹೋದ ಮೇಲೆ ಇರುವೆ ಅಕ್ಕ ತಿಂಡಿಯ ಡಬ್ಬಿ ತೆಗೆದು, ಎರಡು ತುತ್ತು ತಿಂದು, ಮುಚ್ಚಿಡುತ್ತಾರೆ.

ಮಧ್ಯಾಹ್ನದ ಕಿಟಕಿ ಬೆಳಗಿನ ಕುರ್ಚಿಗಿಂತ ದಣಿಸುವ ಜಾಗ. ಬೆಳಿಗ್ಗೆ ಜನ ಹೆದರಿರುತ್ತಾರೆ, ಹೇಳಿದ್ದು ಕೇಳುತ್ತಾರೆ. ಮಧ್ಯಾಹ್ನ ಅವರಿಗೆ ಒಳ್ಳೆಯ ಸುದ್ದಿ ಬೇಕು. ಗಂಟಲು ಕಟ್ಟುವವರೆಗೆ ಇರುವೆ ಅಕ್ಕ ಅದೇ ಮೂರು ಸಾಲನ್ನು ಓದುತ್ತಾರೆ. "ಅಂದ್ರೆ ಏನೂ ಇಲ್ಲ ತಾನೇ?" ಎಂದು ದಪ್ಪ ಮೀಸೆಯ ಒಬ್ಬರು ಕೇಳುತ್ತಾರೆ. "ಇದೆ ಅಂತ ಬರೆದಿದೆ ಸಾರ್. ಡಾಕ್ಟರಿಗೆ ತೋರಿಸಿ." ಅವರು ಇವರನ್ನೇ ರೋಗ ತಂದವರಂತೆ ದುರುಗುಟ್ಟಿ ನೋಡಿ ಹೋಗುತ್ತಾರೆ. ಹೀಗೆ ದಿನಕ್ಕೆ ಹತ್ತು ಮಂದಿಯ ಮುನಿಸು ಇವರ ಪಾಲಿಗೆ.

ಒಂದೂ ಮುಕ್ಕಾಲಿಗೆ ಅಣ್ಣನ ಮಗಳು ಕಿಟಕಿಗೆ ಬರುತ್ತಾಳೆ. ಮುದ್ರಣವಾದ ಕಾಗದವನ್ನು ಇರುವೆ ಅಕ್ಕ ಆಗಲೇ ನೋಡಿಟ್ಟಿದ್ದಾರೆ. ಪಕ್ಕದಲ್ಲಿದ್ದ ನನಗೂ ಕಂಡಿತು. ಬರಿಹೊಟ್ಟೆ ನೂರಾ ಏಳು. ಸರಾಸರಿ ಆರು ಪಾಯಿಂಟ್ ಒಂದು.

ಅವಳು ಕಾಗದ ತಗೊಳ್ಳುತ್ತಾಳೆ. ಈ ಸಲ ಕಸಿದುಕೊಳ್ಳುವುದಿಲ್ಲ. ಬಹಳ ಹೊತ್ತು ನೋಡುತ್ತಾಳೆ. ಆಮೇಲೆ ಕಿಟಕಿಯ ಕಂಬಿಯನ್ನು ನೋಡುತ್ತಾ ಕೇಳುತ್ತಾಳೆ: "ಇಳಿದಿದೆಯಾ?"

ಎರಡು ವರ್ಷದ ನಂತರ ಅವಳಾಗಿ ಕೇಳಿದ ಮೊದಲ ಪ್ರಶ್ನೆ. ನಾನಾಗಿದ್ದರೆ ಹೌದು ಎಂದುಬಿಡುತ್ತಿದ್ದೆ. ಆರು ಪಾಯಿಂಟ್ ಎರಡು ಇದ್ದದ್ದು ಆರು ಪಾಯಿಂಟ್ ಒಂದಾಗಿದೆ, ಹೌದು ಎಂದರೆ ಸುಳ್ಳೂ ಅಲ್ಲ. ಒಂದು ಮಾತಿಗೆ ಮನೆಯೇ ಕೂಡಿಬರುವಾಗ ಯಾರು ತಾನೇ ಬೇಡವೆಂದಾರು? ಇರುವೆ ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಳ್ಳುತ್ತಾರೆ. ಕಿಟಕಿಯಿಂದ ಕೈ ಹೊರಗೆ ಚಾಚಿ, ಅವಳ ಕೈಲಿದ್ದ ಕಾಗದದ ಕೆಳತುದಿಗೆ ಬೆರಳಿಟ್ಟು, ಎಲ್ಲರಿಗೆ ಓದುವಂತೆಯೇ ಓದುತ್ತಾರೆ. ಐದು ಪಾಯಿಂಟ್ ಏಳಕ್ಕಿಂತ ಕಡಿಮೆ ಸಹಜ. ಐದು ಪಾಯಿಂಟ್ ಏಳರಿಂದ ಆರು ಪಾಯಿಂಟ್ ನಾಲ್ಕು ಮಧುಮೇಹಕ್ಕೆ ಮುಂಚಿನ ಸ್ಥಿತಿ.

"ಇನ್ನೂ ಅದರೊಳಗೇ ಇದೀಯ" ಎನ್ನುತ್ತಾರೆ. ದನಿ ಸಣ್ಣದಾಗಿದೆ. "ಇಷ್ಟನ್ನ ಇಳಿದ ಲೆಕ್ಕಕ್ಕೆ ಹಿಡಿಯೋಕಾಗಲ್ಲಮ್ಮ. ಇಷ್ಟು ಮಷಿನ್ನೇ ಆ ಕಡೆ ಈ ಕಡೆ ತೋರಿಸುತ್ತೆ. ಏರಿಲ್ಲ ಅಂತ ಹೇಳಬಹುದು. ಅಷ್ಟೇ ಹೇಳಬಹುದು. ಇವತ್ತೇ ಡಾಕ್ಟರಿಗೆ ತೋರಿಸು."

ಅವಳ ಮುಖ ಬಿಗಿಯುತ್ತದೆ. "ಮೂರು ತಿಂಗಳು ದಿನಾ ನಡೆದಿದೀನಿ. ಕಾಲು ನೋವು ಅಂತಲೂ ಬಿಡಲಿಲ್ಲ. ಟೀಗೆ ಸಕ್ಕರೆ ಹಾಕ್ಕೊಂಡಿಲ್ಲ. ಮಗೂನ ಅಮ್ಮನ ಹತ್ರ ಬಿಟ್ಟು ನಡೆದಿದೀನಿ."

"ಅದಕ್ಕೇ ಏರಿಲ್ಲವೇನೋ."

"ಏನೋ ಅಂದ್ರೆ?"

"ನನಗೆ ಗೊತ್ತಿಲ್ಲ ಕಂದ. ಗೊತ್ತಿಲ್ಲದ್ದನ್ನ ನಿನಗೆ ಹೇಳಲ್ಲ."

ಹಿಂದೆ ನಿಂತವರು ಕೆಮ್ಮುತ್ತಾರೆ. ಅವಳು ಕಾಗದವನ್ನು ಎರಡು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡು ತಿರುಗುತ್ತಾಳೆ. ಬಾಗಿಲವರೆಗೆ ಹೋಗುತ್ತಾಳೆ. ಇರುವೆ ಅಕ್ಕ ಮುಂದಿನವರ ಹೆಸರು ಹುಡುಕುವಂತೆ ಕಾಗದಗಳನ್ನು ತಿರುವುತ್ತಾರೆ, ಒಂದೇ ಕಾಗದವನ್ನು ಮೂರು ಸಲ ತಿರುವುತ್ತಾರೆ. ಅಷ್ಟರಲ್ಲಿ ಅವಳು ವಾಪಸು ಬಂದು, ಸಾಲನ್ನು ಪಕ್ಕಕ್ಕೆ ಸರಿಸಿ, ಮಡಚಿದ ರಿಪೋರ್ಟನ್ನು ಬಿಡಿಸಿ ಕಿಟಕಿಯೊಳಗೆ ತಳ್ಳುತ್ತಾಳೆ.

"ಮುಂದಿನ ಸಲ ಯಾವಾಗ ಬರಬೇಕು ಅಂತ ಇದರ ಮೇಲೇ ಬರೆದುಕೊಡಿ ಅತ್ತೆ. ದಪ್ಪಗೆ ಬರೀರಿ."

ಇರುವೆ ಅಕ್ಕ ಬರೆಯುತ್ತಾರೆ. ಅಂಕಿಗಳ ಮೇಲೆ ಪೆನ್ನನ್ನು ಎರಡೆರಡು ಸಲ ಎಳೆಯುತ್ತಾರೆ. ಅವಳು ಅದನ್ನು ನೋಡಿ, ತಲೆಯಾಡಿಸಿ, ಹೋಗುತ್ತಾಳೆ. ಮುಂದಿನವರು ಕಿಟಕಿಗೆ ಬರುತ್ತಾರೆ, ಅವರ ಕಾಗದದ ಕೆಳಗಿನ ಸಾಲುಗಳನ್ನು ಓದಿ ಆಗುತ್ತದೆ, ಅವರ ಹಿಂದಿನವರದೂ ಆಗುತ್ತದೆ. ಕಿಟಕಿ ಮುಚ್ಚುವವರೆಗೆ ನನ್ನ ಕಡೆ ತಿರುಗದವರು, ಚಿಲಕ ಹಾಕಿ, ಹೆಬ್ಬೆರಳಿನ ಬುಡವನ್ನು ಒತ್ತಿಕೊಳ್ಳುತ್ತಾ ಹೇಳುತ್ತಾರೆ:

"ಬೇಕಾದ್ರೆ ಇದೊಂದು ಬರ್ಕೊಳ್ಳಿ ಸಾರ್. ತಾರೀಖು ನಾನಾಗಿ ಹೇಳಿದ್ದಲ್ಲ. ಅವಳೇ ಕೇಳಿದ್ದು."